ನಾನು ಟಿಪ್ಪರ್ ಆರಿಸಿಕೊಟ್ಟದ್ದು

ಗೊತ್ತಿಲ್ಲ ಎಂಬ ಮಾತು ಮೇಷ್ಟ್ರುಗಳ ಬಾಯಿಂದ ಬರುವುದು ಕಷ್ಟ. ಬಂದರೂ ಗಂಟಲಲ್ಲೇ ವೇಷ ಬದಲಿಸಿಕೊಂಡು 'ನೋಡೋಣ' ಎಂದು ಹೊರಗೆ ಬರುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಈ 'ನೋಡೋಣ'ವನ್ನು ನಂಬಿ ಜನ ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತಿದ್ದರು. ರೇಡಿಯೋ ಗೊರಗುಟ್ಟಿದರೆ ನಾನು, ಬಾವಿಯ ಪಂಪು ನೀರೆತ್ತದಿದ್ದರೆ ನಾನು. ಒಮ್ಮೆ ಎದುರು ಮನೆಯವರು ಹಾಲು ಕೊಡದ ಎಮ್ಮೆಯನ್ನೂ ತೋರಿಸಿದರು. ಅದನ್ನು ಹಿಂದಿನಿಂದಲೂ ಮುಂದಿನಿಂದಲೂ ಗಂಭೀರವಾಗಿ ನೋಡಿ, ಮೇವಿನಲ್ಲಿ ಏನೋ ಕೊರತೆಯಿದೆ ಎಂದೆ. ಎಮ್ಮೆ ಮರುದಿನವೇ ಹಾಲು ಕೊಟ್ಟುಬಿಟ್ಟಿತು. ಮನುಷ್ಯನ ಹೆಸರು ಬೆಳೆಯುವುದು ಇಂಥ ಅನಾಹುತಗಳಿಂದಲೇ.

ನನ್ನ ಹೆಂಡತಿ ಗಿರಿಜೆಯ ತಮ್ಮ ರುದ್ರೇಶ ಉಬ್ರಾಣಿಯವನು. ಸೈಕಲ್ ಶಾಪು ಇಟ್ಟುಕೊಂಡು ಸುಖವಾಗಿದ್ದವನು, ಅದನ್ನು ಮುಚ್ಚಿ, ಸೂಳೆಕೆರೆ ನಾಲೆಯ ದಂಡೆಗೆ ಕಲ್ಲು ಸಾಗಿಸುವ ಕೆಲಸ ಹಿಡಿದಿದ್ದ. ಅವನ ಜೀವನದ ಮೊದಲ ಗುತ್ತಿಗೆ. ಕಲ್ಲಿನ ಕ್ವಾರಿಯಿಂದ ನಾಲೆಗೆ ಬರುವ ದಾರಿಯಲ್ಲಿ ಕಡಿದಾದ ಒಂದು ಏರು. ಅವನು ಬಾಡಿಗೆಗೆ ತಂದ ಟಿಪ್ಪರು ಲೋಡು ಹೊತ್ತು ಅರ್ಧ ಏರು ಹತ್ತಿ, ಅಲ್ಲಿ ಕೊಂಚ ಯೋಚನೆ ಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿ ಹುಣಸೆ ಮರಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಓವರ್ಸಿಯರು, "ಈ ತಿಂಗಳ ಕೊನೆ ಒಳಗೆ ಕಸುವಿರೋ ಗಾಡಿ ತಂದು ಕಲ್ಲು ಇಳಿಸು, ಇಲ್ಲ ಅಂದ್ರೆ ಕೆಲಸ ಬೇರೆಯೋರಿಗೆ" ಎಂದುಬಿಟ್ಟರು. ಹೊಸ ಟಿಪ್ಪರು ಕನಸಿನ ಮಾತು. ಸೆಕೆಂಡ್ ಹ್ಯಾಂಡಿನಲ್ಲೇ ಗಟ್ಟಿಯಾದದ್ದೊಂದನ್ನು ಹುಡುಕಬೇಕಿತ್ತು.

ರುದ್ರೇಶ ನಮ್ಮ ಮನೆಗೆ ಬಂದು ಕೂತ. "ಭಾವಾರೆ, ನೀವು ಬರ್ಲೇಬೇಕು. ಹಾರ್ಸ್ ಪವರ್ ಅಂದ್ರೇನು ಅಂತ ಗೊತ್ತಿರೋರು ನಮ್ಮ ಪೈಕಿ ನೀವೊಬ್ರೆ" ಎಂದ.

"ನೋಡೋಣ" ಎಂದೆ.

ಒಳಗಿನಿಂದ ಗಿರಿಜೆ, "ಸೈಕಲ್ ಚೈನು ಬಿದ್ರೆ ಹಾಕಾಕೆ ಬರಲ್ಲ ಇವರಿಗೆ. ಟಿಪ್ಪರ್ ನೋಡ್ತಾರಂತೆ" ಎಂದಳು. ನಾನದನ್ನು ಕೇಳಿಸಿಕೊಳ್ಳಲಿಲ್ಲ.

ಮೊದಲು ಹೋದದ್ದು ಹೊನ್ನಾಳಿಗೆ. ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಮಾಲೀಕರು ಬೇವಿನ ಮರದ ನೆರಳಲ್ಲಿ ಟಿಪ್ಪರು ನಿಲ್ಲಿಸಿ ನಮಗಾಗಿ ಕಾಯುತ್ತಿದ್ದರು. ಗಾಡಿಗೆ ಗಿಳಿಹಸಿರು ಬಣ್ಣ, ಕನ್ನಡಿಗೆ ಕೆಂಪು ಕುಚ್ಚು, ಮುಂದೆ ನಿಂಬೆಹಣ್ಣು. ನಾನು ಕೈಕಟ್ಟಿಕೊಂಡು ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಹಾರ್ಸ್ ಪವರ್ ಎಷ್ಟು?" ಎಂದು ಕೇಳಿದೆ. ಅವರು ಒಂದು ಸಂಖ್ಯೆ ಹೇಳಿದರು. ನಾನು ತಲೆದೂಗಿದೆ. ಅದರ ಅರ್ಧ ಹೇಳಿದ್ದರೂ ತಲೆದೂಗುತ್ತಿದ್ದೆ, ದುಪ್ಪಟ್ಟು ಹೇಳಿದ್ದರೂ ಅಷ್ಟೇ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ನು ಎದ್ದಿತು. "ಒಂದೇ ಏಟಿಗೆ ಸ್ಟಾರ್ಟ್. ಎಂಜಿನ್ನು ಆರೋಗ್ಯವಾಗಿದೆ" ಎಂದು ತೀರ್ಪು ಕೊಟ್ಟೆ. ರುದ್ರೇಶನಿಗೆ ಭಕ್ತಿ ಉಕ್ಕಿ, ಇನ್ನು ಇದೇ ನಮ್ಮ ಮನೆ ಲಕ್ಷ್ಮಿ ಎನ್ನುವಂತೆ ಬಾನೆಟ್ಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದವನು ಕೈ ಹಿಂದಕ್ಕೆಳೆದುಕೊಂಡ. ಸುಡುತ್ತಿತ್ತು.

"ಬಿಸಿಲು ನೋಡ್ರಿ" ಎಂದರು ಮಾಲೀಕರು.

ಗಾಡಿ ನಿಂತದ್ದು ನೆರಳಿನಲ್ಲಿ. ನಾವು ಬರುವ ಮೊದಲು ಅದನ್ನು ಎಬ್ಬಿಸಲು ಎಷ್ಟು ಜನ ಎಷ್ಟು ದೂರ ತಳ್ಳಿದ್ದರೋ. ನನ್ನ ವಿದ್ಯೆ ಹಿಡಿಯದ ಮೋಸವನ್ನು ಭಾವಮೈದನ ಭಕ್ತಿ ಹಿಡಿದಿತ್ತು. ಬಸ್ಸಿನಲ್ಲಿ ಮಾತ್ರ ನಾನು, "ನನಗೆ ಆಗಲೇ ಅನುಮಾನ ಇತ್ತು" ಎಂದೆ.

ಮುಂದಿನ ಭಾನುವಾರ ನ್ಯಾಮತಿ. ಈ ಸಲ ಮೋಸ ಹೋಗಬಾರದೆಂದು, ಲೋಡು ಹಾಕಿದ ಗಾಡಿಯನ್ನೇ ತೋರಿಸಬೇಕೆಂದು ಮೊದಲೇ ಹೇಳಿ ಕಳಿಸಿದ್ದೆ. ಅಲ್ಲಿನ ಮಾಲೀಕರು ಮೇಷ್ಟ್ರೆಂದು ನನಗೆ ಬಹಳ ಮರ್ಯಾದೆ ಕೊಟ್ಟರು. ಅದೇ ಕೆಟ್ಟದ್ದಾಯಿತು. ಜಲ್ಲಿ ತುಂಬಿದ ಟಿಪ್ಪರನ್ನು ತಮ್ಮ ಮನೆಯ ಬಾಗಿಲಿಗೇ ರಿವರ್ಸಿನಲ್ಲಿ ತಂದು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಎಂಜಿನ್ ಸೌಂಡು ಕೇಳ್ತಿರ್ರಿ ಸಾರ್, ಚಾ ಮಾಡಾಕೆ ಹೇಳಿ ಬರ್ತೀನಿ" ಎಂದು ಒಳಗೆ ಹೋದರು. ರುದ್ರೇಶ ಚಕ್ರ ನೋಡುತ್ತಿದ್ದ. ಒಂಟಿಯಾಗಿ ಕೂತವನಿಗೆ ಸೀಟಿನ ಪಕ್ಕ ಚಿಕ್ಕದೊಂದು ಲಿವರ್ ಕಾಣಿಸಿತು. ಇದೇನಿರಬಹುದು ಎಂದು ಸ್ವಲ್ಪವೇ ಎಳೆದೆ. ಹಿಂದೆ ಗುಂಯ್ ಎಂದಿತು. ಶಕ್ತಿ ಚೆನ್ನಾಗಿದೆ ಎಂದುಕೊಂಡು ಕನ್ನಡಿ ನೋಡಿದರೆ ಅದರಲ್ಲಿದ್ದ ಆಕಾಶ ಮಾಯವಾಗಿತ್ತು. ಟ್ರಾಲಿ ಮೇಲೇಳುತ್ತಿತ್ತು. ಹಿಂಬಾಗಿಲಿನ ಕೊಂಡಿ ಸವೆದಿತ್ತೋ ಏನೋ, ಪಟ್ಟನೆ ಬಿಚ್ಚಿಕೊಂಡು, ಇಡೀ ಲೋಡು ಜಲ್ಲಿ ಮನೆಯ ಹೊಸ್ತಿಲ ಮುಂದೆ ಸುರಿಯಿತು.

ಧೂಳು ಇಳಿದಾಗ, ಎದೆಯೆತ್ತರದ ಜಲ್ಲಿಯ ಗುಡ್ಡೆಯಾಚೆ ಮಾಲೀಕರ ವಯಸ್ಸಾದ ತಾಯಿ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ನಿಂತಿದ್ದರು. ನನ್ನನ್ನು ನೋಡಿ ಬಹಳ ಸಮಾಧಾನದಿಂದ, "ಚಾ ಅಲ್ಲಿಗೆ ಹೆಂಗೆ ಕೊಡ್ಲಪ್ಪ?" ಎಂದು ಕೇಳಿದರು.

ನಾನೂ ರುದ್ರೇಶನೂ ಪಂಚೆ ಎತ್ತಿ ಕಟ್ಟಿ, ಸಲಿಕೆ ಬುಟ್ಟಿ ಹಿಡಿದು, ಆ ಬಾಗಿಲು ಬಿಡಿಸುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಅಷ್ಟು ಹೊತ್ತೂ ಟ್ರಾಲಿ ಕೆಳಗಿಳಿಯದೆ ಆಕಾಶ ನೋಡುತ್ತಲೇ ಇತ್ತು. "ಎತ್ತುವ ಶಕ್ತಿ ಇದೆ, ಇಳಿಸುವ ಶಕ್ತಿ ಇಲ್ಲ" ಎಂದು ನಾನು ಅಭಿಪ್ರಾಯಪಟ್ಟೆ. ರುದ್ರೇಶ ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, "ಇನ್ನು ಒಂಬತ್ತು ದಿನ ಐತೆ ಭಾವಾರೆ. ಅಂಗಡಿ ಮುಚ್ಚಬಾರದಿತ್ತೇನೋ" ಎಂದಷ್ಟೇ ಅಂದ. ಅವನ ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ನನಗೆ ಏನೂ ಗೊತ್ತಿಲ್ಲ ಮಾರಾಯ, ಗೊತ್ತಿರುವವರನ್ನು ಕರೆದುಕೊಂಡು ಹೋಗು ಎಂದು ಹೇಳಬೇಕೆನಿಸಿತು. ಚನ್ನಗಿರಿ ಬರುವವರೆಗೂ ಅನಿಸುತ್ತಲೇ ಇತ್ತು. ಹೇಳಲಿಲ್ಲ.

ಮೂರನೆಯದು ಜಗಳೂರು. ಸ್ಕೂಲಿಗೆ ರಜೆ ಹಾಕಿ ದಾವಣಗೆರೆ ಮೇಲೆ ಹೋದೆವು. ಗಾಡಿಯ ಒಡತಿ ಗೌರಮ್ಮ ಎಂಬ ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಐದು ವರ್ಷ, ಡ್ರೈವರ್ ಕಾದರನನ್ನು ಸಂಬಳಕ್ಕಿಟ್ಟುಕೊಂಡು, ಕೆಲಸ ಹಿಡಿದು, ಲೋಡಿನ ಜೊತೆ ತಾವೇ ಓಡಾಡಿ ಟಿಪ್ಪರು ನಡೆಸಿದವರು. ಈಗ ಕ್ಯಾಬಿನ್ನು ಹತ್ತಿ ಇಳಿಯಲು ಮೊಣಕಾಲು ಬಿಡುತ್ತಿಲ್ಲವೆಂದು ಮಾರುತ್ತಿದ್ದರು. ಗಾಡಿಯ ಬಣ್ಣ ಇಂಥದ್ದೆಂದು ಹೇಳುವಂತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಹಾರ್ಸ್ ಪವರ್ ವಿಚಾರ ಎತ್ತಿದೆ.

"ಕುದುರೆ ಲೆಕ್ಕ ನನಗೆ ಗೊತ್ತಿಲ್ಲ ಮೇಷ್ಟ್ರೆ. ನಿಮ್ಮ ದಾರಿ ಹೆಂಗೈತೆ? ತಿರುವು ಐತಾ? ಏರು ಬರೋದು ಅದಕ್ಕಿಂತ ಮುಂಚೇನೋ ಆಮೇಲೋ?"

ರುದ್ರೇಶ ನನ್ನ ಮುಖ ನೋಡಿದ. ಎರಡು ವಾರದಿಂದ ಶಕ್ತಿ ಹುಡುಕುತ್ತಾ ಅಲೆದ ನಾನು ಆ ಏರನ್ನು ಒಮ್ಮೆಯೂ ಹೋಗಿ ನೋಡಿರಲಿಲ್ಲ. "ನನಗೆ ಗೊತ್ತಿಲ್ಲ" ಎಂದೆ. ಹೇಳಿದ ಮೇಲೆ ಅದೇನೂ ಅಷ್ಟು ಕಷ್ಟವಾಗಲಿಲ್ಲ. ಆಮೇಲೆ ರುದ್ರೇಶನೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ದಾರಿ, ತಿರುವು, ಕಲ್ಲಿನ ತೂಕ ಎಲ್ಲ ವಿವರಿಸಿದ. ಗೌರಮ್ಮ ಕುಕ್ಕರುಗಾಲಲ್ಲಿ ಕೂರಲಾಗದೆ ಬಗ್ಗಿ ನಿಂತು ನೋಡಿದರು. ನಂತರ ಗಾಡಿಯ ದೋಷಗಳನ್ನು ತಾವಾಗಿಯೇ ಹೇಳತೊಡಗಿದರು. "ಎರಡನೇ ಗೇರು ಏರಿನಾಗೆ ಹಾರಿ ಬರ್ತೈತೆ, ಹಿಡ್ಕೊಂಡಿರ್ಬೇಕು. ಬಲಗಡೆ ಬಾಗ್ಲು ಒಳಗಿಂದ ತೆಗೆಯಾಕೆ ಬರಲ್ಲ. ಮಳೆ ಬಂದ್ರೆ ಡ್ರೈವರ್ ತಲೆ ಮ್ಯಾಲೆ ಸೋರ್ತೈತೆ." ಮಾರುವವರು ಇಷ್ಟು ಹೇಳಬೇಕಾದರೆ ಹೇಳದೆ ಉಳಿಸಿಕೊಂಡದ್ದು ಇನ್ನೆಷ್ಟು ದೊಡ್ಡದಿರಬೇಕು ಎಂದು ನನಗೆ ಭಯವಾಯಿತು.

"ಲೋಡ್ ಹಾಕಿ ಗುಡ್ಡದ ದಾರಿ ಹತ್ತಿಸಾನ ಬರ್ರಿ. ಓಡಿ ಬಂದ ರಭಸಕ್ಕೆ ಯಾವ ಗಾಡಿಯಾದ್ರೂ ಹತ್ತತೈತೆ. ನಡುವೆ ನಿಲ್ಸಿ ಮತ್ತೆ ಎಬ್ಬಿಸ್ಬೇಕು. ಆಗ ಗೊತ್ತಾಗ್ತೈತೆ ಕಸುವು" ಎಂದರು ಗೌರಮ್ಮ.

ನಿಂತ ವಸ್ತುವನ್ನು ಚಲಿಸುವಂತೆ ಮಾಡಲು ಹೆಚ್ಚು ಬಲ ಬೇಕೆಂದು ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಅದಕ್ಕೆ ಇಂಥ ಉಪಯೋಗವಿದೆಯೆಂದು ಯಾರೂ ಹೇಳಿರಲಿಲ್ಲ. ಕಾದರ ಗುಡ್ಡದ ನಡುವೆ ಗಾಡಿ ನಿಲ್ಲಿಸಿದ. ಹಿಂದೆ ಕಲ್ಲಿನ ಭಾರ, ಕೆಳಗೆ ಜಗಳೂರಿನ ಬಯಲು. ನಾನು ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದೆ. ಎಂಜಿನ್ನು ಒಮ್ಮೆ ಗುರುಗುಟ್ಟಿ, ಮೈ ನಡುಗಿಸಿ, ಒಂದು ಗೇಣೂ ಹಿಂದೆ ಸರಿಯದೆ ಮೇಲಕ್ಕೆ ಹೊರಟಿತು. ಗೌರಮ್ಮ ತಲೆ ವಾರೆ ಮಾಡಿ ಅದರ ಸದ್ದನ್ನೇ ಕೇಳುತ್ತಿದ್ದರು. ಇಳಿದ ಮೇಲೆ ರುದ್ರೇಶನಿಗೆ, "ನಿನ್ನ ಏರು ಹತ್ತತೈತೆ, ತಗೊಂಡ್ಹೋಗಪ್ಪ. ಕಾದರ ಜೊತೆಗೆ ಬರ್ತಾನೆ, ಅವನು ಇದ್ದರೆ ಅದಕ್ಕೂ ಬೇಜಾರಾಗಲ್ಲ" ಎಂದರು. ಹೊರಡುವಾಗ ಸೆರಗಿನಿಂದ ಬಾಗಿಲಿನ ಧೂಳು ಒರೆಸಿ, ನಮ್ಮ ಕಡೆ ತಿರುಗದೆ ಒಳಗೆ ಹೋದರು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಉಬ್ರಾಣಿಯ ಏರಿನ ಕೆಳಗೆ ಮೊದಲ ಲೋಡು ನಿಂತಿತು. ಮೇಲೆ ಓವರ್ಸಿಯರು ಕೊಡೆ ಹಿಡಿದು ಕಾಯುತ್ತಿದ್ದರು. ಕಾದರ ಒಂದು ತೊಡಕು ಹೇಳಿದ. ಆ ತಿರುವಿಗೆ ಸ್ಟೇರಿಂಗ್ ಹಿಡಿಯಲು ಅವನಿಗೆ ಎರಡೂ ಕೈ ಬೇಕು. ಹಾಗಾಗಿ ಗೇರು ಹಿಡಿಯಲು ಇನ್ನೊಬ್ಬರು ಬೇಕು. ರುದ್ರೇಶ ಸುತ್ತ ನೋಡಿ, "ಭಾವಾರೆ, ಹತ್ರಿ" ಎಂದ. ನಾನು ಹತ್ತಿ, ಗೇರಿನ ಕೋಲನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿಕೊಂಡೆ. ತೆರೆದಾಗ ಓವರ್ಸಿಯರ ಕೊಡೆ ಪಕ್ಕದಲ್ಲೇ ಇತ್ತು. ರುದ್ರೇಶ ಹಿಂದೆಯೇ ಓಡಿ ಬಂದು, ಏದುಸಿರು ಬಿಡುತ್ತಾ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡ. ಬೆವರೆಂದು ಹೇಳಿದ. ನಾನೂ ಬೆವರೆಂದೇ ನಂಬಿದೆ.

ಅವನು ಊರಿಗೆಲ್ಲ "ನಮ್ಮ ಭಾವನೋರು ಆರಿಸಿದ ಗಾಡಿ" ಎಂದು ಹೇಳಿಕೊಂಡು ತಿರುಗಿದ. ನಾನೂ ಅಲ್ಲಗಳೆಯಲಿಲ್ಲ. ಆ ಹೆಸರು ಉಳಿಸಿಕೊಳ್ಳಲು ಎರಡು ತಿಂಗಳು ಪ್ರತಿ ಭಾನುವಾರ ಉಬ್ರಾಣಿಗೆ ಹೋಗಿ ಗೇರು ಹಿಡಿದು ಕೂತೆ; ಉಳಿದ ದಿನ ರುದ್ರೇಶನೇ ಹಿಡಿಯುತ್ತಿದ್ದ. ಹೊತ್ತು ಹೋಗಲೆಂದು ಕಾದರನಿಗೆ ಘರ್ಷಣೆ, ಜಡತ್ವಗಳ ಬಗ್ಗೆ ವಿವರಿಸುತ್ತಲೂ ಇದ್ದೆ. ಕೊನೆಗೆ ದಾವಣಗೆರೆಯ ಮೆಕ್ಯಾನಿಕ್ ಒಬ್ಬ ಬಂದು ಗೇರ್ ಬಾಕ್ಸ್ ಬಿಚ್ಚಿ, ಕಿರುಬೆರಳಿನಷ್ಟು ಉದ್ದದ ಒಂದು ಸ್ಪ್ರಿಂಗ್ ಹಾಕಿ ಹೋದ. ಅದು ಮೇಷ್ಟ್ರಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ, ಮೇಲಾಗಿ ಮಾತಾಡುವುದಿಲ್ಲ ಎಂದು ಕಾದರ ಗಿರಿಜೆಯ ಹತ್ತಿರ ಹೇಳಿದನಂತೆ.