ಮೂರನೇ ಸೌಟು

"ಹೆದರ್ಬೇಡಿ ಮೇಷ್ಟ್ರೇ, ಶಾಕ್ ಹೊಡೆಯಲ್ಲ!" ಎಂದರು ನಮ್ಮ ಬೀದಿಯ ನಂಜರಾಜೇ ಅರಸರು.

ಅರಸರು ಹೀಗೆ ಹೇಳಿದಾಗಲೆಲ್ಲ ನನಗೆ ಶಾಕ್ ಹೊಡೆದಿದೆ. ಹೋದ ಸಲ ಅವರ ತಾನೇ ತಿರುಗುವ ರೊಟ್ಟಿ ಹಂಚು ನನ್ನ ಎಡ ಹುಬ್ಬನ್ನು ಸುಟ್ಟುಹಾಕಿತ್ತು. ನಾನು ಮದುವೆಯಿಲ್ಲದ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪುಕ್ಕಲು ಆಸಾಮಿ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೂ ಪ್ರತಿ ಸಲ ಅವರ ಹಿತ್ತಲಿಗೆ ಹೋಗುತ್ತೇನೆ ನೋಡಿ, ನನ್ನ ಬುದ್ಧಿಗಿಷ್ಟು!

ಅರಸರಿಗೆ ಬಿಯರ್ ಹುಚ್ಚು. ಅಂಗಡಿಯ ಬಾಟಲಿಯದಲ್ಲ, ಸಣ್ಣ ಪಬ್ಬುಗಳಲ್ಲಿ ಅಲ್ಲೇ ತಯಾರಿಸಿ ಕೊಡುತ್ತಾರಲ್ಲ, ಆ ಕ್ರಾಫ್ಟ್ ಬಿಯರ್. ಅದರಲ್ಲೂ ರುಚಿಗಿಂತ ಹೆಸರಿನ ಹುಚ್ಚು. 'ಕುಂಟ ನವಿಲು' ಎಂಬ ಬಿಯರಿದ್ದರೆ, ಆ ನವಿಲಿನ ಕಾಲಿಗೆ ಏನಾಯಿತೆಂದು ತಿಳಿಯುವ ತನಕ ಗ್ಲಾಸು ಮುಟ್ಟುವವರಲ್ಲ.

"ಮೆನು ಕಾರ್ಡಲ್ಲಿ ಕತೆ ಓದ್ಬೇಕು, ಆಮೇಲೆ ಕುಡೀಬೇಕು. ಎರಡೆರಡು ಕೆಲ್ಸ ಯಾಕ್ರೀ? ಕತೇನೇ ಕುಡೀರಿ!" ಎಂದು ಅರಸರು ಸ್ಟೀಲಿನ ಪೀಪಾಯಿಯನ್ನು ತಟ್ಟಿದರು. ಪೀಪಾಯಿಯಿಂದ ಹೊರಟ ವೈರುಗಳು ಅನ್ನ ಬಸಿಯುವ ಒಂದು ತೂತಿನ ಪಾತ್ರೆಗೆ ಸೇರಿದ್ದವು. ಆ ಪಾತ್ರೆಯನ್ನು ಟೋಪಿಯಂತೆ ಹಾಕಿಕೊಂಡು ಕತೆ ಹೇಳಬೇಕಂತೆ. ಪೀಪಾಯಿಯೊಳಗಿನ ಯೀಸ್ಟು ಕತೆಯನ್ನು ಹೀರಿಕೊಳ್ಳುತ್ತದಂತೆ. ಕುಡಿದವನ ತಲೆಗೆ ಆ ಕತೆ ಹೋಗುತ್ತದಂತೆ.

ಅರಸರು ಟೋಪಿ ಹಾಕಿ ಏನೋ ಗೊಣಗಿದರು. ಹಲಗೆಯ ಮೇಲೆ 'ಕೆರೆಗೆ ಬಿದ್ದ ಸ್ಕೂಟರ್' ಎಂದು ಬರೆದರು. ನಾನು ಕಣ್ಣುಮುಚ್ಚಿ ಒಂದು ಗುಟುಕು ಕುಡಿದೆ. "ಬ್ರೇಕ್! ಬ್ರೇಕ್!" ಎಂದು ಕಿರುಚಿ ತುಳಸಿಕಟ್ಟೆಯನ್ನು ತಬ್ಬಿಕೊಂಡೆ.

"ಅಯ್ಯೋ, ಸಖತ್ತಾಗಿದೆ ಅರಸರೇ!" ಎಂದೆ.

"ಹೌದಾ? ಯಾರ ಸ್ಕೂಟರ್ ಅದು?" ಎಂದರು ಅರಸರು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಆಗಲೇ ನಾನು ಮನೆಗೆ ಓಡಬೇಕಿತ್ತು!

ಒಂದು ಗಂಟೆ ಕಳೆದ ಮೇಲೆ ಅರಸರು ಮತ್ತೆ ಟೋಪಿ ಹಾಕಿ ಎರಡನೇ ಬಿಯರ್ ತಯಾರಿಸಿದರು. ಹೆಸರು, 'ಮೂರನೇ ಸೌಟು'.

"ಅದು ಬೇಡ, ಮನೆ ವಿಷ್ಯ!" ಎಂದರು ಅವರ ಹೆಂಡತಿ ಗೌರಮ್ಮಣ್ಣಿ. ಬೇಡವೆಂದರೂ ಮುಖ ಕೆಂಪಾಗಿತ್ತು. ಅರಸರು ಹೆಣ್ಣು ನೋಡಲು ಬಂದ ದಿನ ಗೌರಮ್ಮಣ್ಣಿಯವರಿಗೆ ಮದುವೆಯೇ ಬೇಡವಾಗಿತ್ತಂತೆ. ಗಂಡು ಓಡಿಹೋಗಲೆಂದು ವಿಷದಂಥ ಹಾಗಲಕಾಯಿ ಗೊಜ್ಜು ಮಾಡಿಟ್ಟರು. ಈ ಮನುಷ್ಯ ಮೂರನೇ ಸೌಟು ಕೇಳಿದರು! ಇಂಥವನನ್ನು ಓಡಿಸುವುದು ಸಾಧ್ಯವಿಲ್ಲವೆಂದು ಅವರು ಒಪ್ಪಿಕೊಂಡರು. ಇದೆಲ್ಲ ಮೂವತ್ತನಾಲ್ಕು ವರ್ಷದ ಹಿಂದಿನ ಮಾತು.

ನಮ್ಮ ಬೀದಿಯಲ್ಲಿ ಹೊಸದೇನು ಮಾಡಿದರೂ ಅಕ್ಕಪಕ್ಕಕ್ಕೆ ಮೊದಲು ಹೋಗಬೇಕು. ಗೌರಮ್ಮಣ್ಣಿಯವರೇ ಹೋಳಿಗೆ ಹಂಚುವ ಡಬ್ಬಿಗಳಿಗೆ ಬಿಯರ್ ತುಂಬಿದರು. ಒಂದನ್ನು ಬಸ್ ಡ್ರೈವರ್ ಆಗಿದ್ದ ಮರಿಸ್ವಾಮಿಗೂ ಒಂದನ್ನು ವನಜಾಕ್ಷಿ ಟೀಚರಿಗೂ ಕೊಟ್ಟು ಬಂದರು. ಟೀಚರು ಜೀರಿಗೆ ಕಷಾಯವೆಂದುಕೊಂಡು ಒಂದೇ ಉಸಿರಿಗೆ ಕುಡಿದರಂತೆ. ಮೂರನೆಯದು ನನಗೆ. ಪೀಪಾಯಿ ಖಾಲಿಯಾಯಿತು.

ಕುಡಿದೆ. ಏನೆಂದು ಹೇಳಲಿ! ನಾಲಗೆ ತುಂಬ ಕಹಿ. ಎದುರಿಗೆ ಹಸಿರು ಸೀರೆಯ ಹುಡುಗಿ ಸೌಟು ಹಿಡಿದು ಕೆಂಗಣ್ಣು ಬಿಡುತ್ತಿದ್ದಾಳೆ. ನನ್ನ ಎದೆ ಡವಡವ ಎನ್ನುತ್ತಿದೆ. ಅರವತ್ತೆರಡು ವರ್ಷದಲ್ಲಿ ಹೆಣ್ಣು ನೋಡಲು ಒಂದು ಸಲವೂ ಹೋಗದ ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಅರಸರು ಗೌರಮ್ಮಣ್ಣಿಯವರ ಕಡೆ ತಿರುಗಿ ಕೈಮುಗಿದರು. "ಯಾರಮ್ಮಾ ನೀವು? ಯಾರ ಮನೆ ಬೇಕಾಗಿತ್ತು?"

"ಸಾಕು ನಿಮ್ಮ ನಾಟ್ಕ!"

"ನಾಟ್ಕ ಅಲ್ಲ ತಾಯಿ. ಎಲ್ಲೋ ನೋಡಿದಂಗೂ ಇಲ್ವಲ್ಲ."

ಅರಸರ ಕಣ್ಣಲ್ಲಿ ತಮಾಷೆ ಇರಲಿಲ್ಲ. ದಾರಿ ತಪ್ಪಿ ಬಂದವರನ್ನು ನೋಡುವ ಮರ್ಯಾದೆ ಮಾತ್ರ ಇತ್ತು. ಗೌರಮ್ಮಣ್ಣಿ ಮೆಲ್ಲಗೆ ಗೋಡೆ ಹಿಡಿದುಕೊಂಡರು. ಆ ಹೆಂಗಸು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅರಸರೇ! ಈ ಯೀಸ್ಟು ನೆನಪನ್ನ ನಕಲು ಮಾಡುತ್ತೋ, ತಿನ್ನುತ್ತೋ?" ಎಂದು ಕೂಗಿದೆ.

ಅವರು ನೋಟ್‌ಬುಕ್ ತೆಗೆದು ಲೆಕ್ಕ ನೋಡಿದರು. "ಅರೆ! ತಿನ್ನುತ್ತೆ! ಕತೆ ಒಂದೇ ಅಲ್ಲ, ಅದಕ್ಕಂಟಿಕೊಂಡಿದ್ದನ್ನೆಲ್ಲ ಬೇರುಸಮೇತ ಕಿತ್ಕೊಂಡು ಹೋಗಿದೆ. ಕುಡಿದವರು ಈ ಟೋಪಿ ಹಾಕ್ಕೊಂಡು, ವಾಪಸ್ ಸ್ವಿಚ್ ಒತ್ತಿ, ನೆನಪು ಮಾಡ್ಕೊಂಡ್ರೆ ಪೀಪಾಯಿಗೆ ಬರುತ್ತೆ. ನಾನು ಕುಡಿದ್ರೆ ಸರಿಹೋಗುತ್ತೆ."

"ಎಷ್ಟು ಹೊತ್ತು ಟೈಮಿದೆ?"

"ಕುಡಿದವರು ಬಚ್ಚಲಿಗೆ ಹೋಗೋ ತನಕ."

ನನಗೆ ಸ್ಕೂಟರು ನೆನಪಾಯಿತು. ಅಲ್ಲ, ನೆನಪಾಗಲಿಲ್ಲ! ನಾನು ನಡುವೆ ಒಮ್ಮೆ ಬಚ್ಚಲಿಗೆಂದು ಮನೆಗೆ ಹೋಗಿ ಬಂದಿದ್ದೆ. ಯಾರ ಸ್ಕೂಟರು, ಯಾವ ಕೆರೆ, ನನಗೂ ಗೊತ್ತಿಲ್ಲ, ಅರಸರಿಗೂ ಗೊತ್ತಿಲ್ಲ. ಭೂಮಿಯ ಮೇಲಿಂದಲೇ ಹೋಗಿಬಿಟ್ಟಿತ್ತು. ಮೂವತ್ತನಾಲ್ಕು ವರ್ಷದ ಸಂಸಾರವೂ ಹಾಗೇ ಚರಂಡಿ ಪಾಲಾಗುತ್ತದೆಂದು ಹೊಳೆಯಿತು. ಇನ್ನೂ ಕೆಟ್ಟದ್ದೆಂದರೆ, ಆ ಕ್ಷಣವೇ ನನಗೆ ಒತ್ತಡ ಶುರುವಾಯಿತು.

ಬೀದಿಯಲ್ಲಿ ಓಡಿದೆ. "ಯಾರೂ ಬಚ್ಚಲಿಗೆ ಹೋಗ್ಬೇಡಿ! ದಮ್ಮಯ್ಯ!"

ಮರಿಸ್ವಾಮಿ ಬಚ್ಚಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ. ಹಿಂದಿನಿಂದ ಷರ್ಟು ಹಿಡಿದು ಎಳೆದೆ.

"ಬಿಡ್ರೀ ಮೇಷ್ಟ್ರೇ, ಅರ್ಜೆಂಟು!"

"ಒಂದು ಸಂಸಾರ ಹೋಗ್ತದೆ ಕಣಯ್ಯ!"

"ನನ್ನ ಪಂಚೆ ಹೋಗ್ತದೆ!"

ಟೀಚರನ್ನು ಕರೆಯಲು ಹೋದರೆ, "ಒಂದ್ನಿಮಿಷ, ಡಬ್ಬಿ ಖಾಲಿ ಕೊಡೋಕಾಗುತ್ತಾ?" ಎಂದು ಸಕ್ಕರೆ ಹುಡುಕುತ್ತ ನಿಂತರು. ಅವರನ್ನು ಸಕ್ಕರೆ ಡಬ್ಬಿಯ ಸಮೇತ ಎಳೆದು ತಂದೆ.

ಹಿತ್ತಲಲ್ಲಿ ಗೌರಮ್ಮಣ್ಣಿ ಮೆಟ್ಟಿಲ ಮೇಲೆ ಕೂತಿದ್ದರು. ಅರಸರು ದೂರ ನಿಂತು, "ಅಳ್ಬೇಡಿ ತಾಯಿ, ನಿಮ್ಮ ಯಜಮಾನ್ರು ಬಂದು ಕರ್ಕೊಂಡು ಹೋಗ್ತಾರೆ," ಎಂದು ಸಮಾಧಾನ ಹೇಳುತ್ತಿದ್ದರು. ಹಾಗೆಂದಾಗಲೆಲ್ಲ ಗೌರಮ್ಮಣ್ಣಿಯವರ ಅಳು ಜೋರಾಗುತ್ತಿತ್ತು. ನನಗೆ ನೋಡಲಾಗಲಿಲ್ಲ.

ಮರಿಸ್ವಾಮಿ ಕುಣಿಯುತ್ತಲೇ ಟೋಪಿ ಹಾಕಿ ಮುಗಿಸಿ ಬಚ್ಚಲಿಗೆ ಓಡಿದ. ಟೀಚರು ಕಣ್ಣುಮುಚ್ಚಿ ಪಾಠ ಒಪ್ಪಿಸುವಂತೆ ತುಟಿಯಲ್ಲಾಡಿಸಿದರು. ಕೊನೆಗೆ ನಾನು. ಹಸಿರು ಸೀರೆ ಮತ್ತೆ ಕಣ್ಣೆದುರು ಬಂತು. ಇದೊಂದು ನೆನಪು ನನ್ನ ಹತ್ತಿರವೇ ಇರಲಿ ಎಂದು ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮೆಟ್ಟಿಲ ಕಡೆ ನೋಡಿದೆ. ಸ್ವಿಚ್ ಒತ್ತಿದೆ.

ಪೀಪಾಯಿ ಗುಡುಗಿತು, ನಲ್ಲಿ ಉಗುಳಿತು, ನೊರೆ ಮಾವಿನ ಮರಕ್ಕೆ ಹಾರಿತು. ಅರಸರು ಗ್ಲಾಸೆತ್ತಿ ಗಟಗಟ ಕುಡಿದರು.

"ಗೌರೀ! ಅಳ್ತಿದೀಯಾ?" ಎಂದರು ಅರಸರು.

ಗೌರಮ್ಮಣ್ಣಿ ಎದ್ದು ಬಂದು ಅವರ ತೋಳಿಗೆ ನಾಲ್ಕು ಬಾರಿಸಿದರು. ಆಮೇಲೆ ಆ ತೋಳನ್ನು ಬಿಡಲೇ ಇಲ್ಲ.

"ಎಂಥಾ ಗೊಜ್ಜು ಅದು! ಹದಿನಾಲ್ಕನೇ ಸೌಟು ಕೇಳಿದ್ನಲ್ಲ!" ಎಂದರು ಅರಸರು.

"ಹದಿನಾಲ್ಕಾ?"

ಬಚ್ಚಲಿಂದ ಬಂದ ಮರಿಸ್ವಾಮಿ ತಲೆ ಕೆರೆದುಕೊಂಡ. "ಮೂರು ಸ್ವಲ್ಪ ಕಮ್ಮಿ ಅನ್ನಿಸ್ತು ಅಕ್ಕಾ. ಡಬ್ಬಿ ಖಾಲಿ ವಾಪಸ್ ಕೊಟ್ಟಂಗಾಗಬಾರ್ದು ಅಂತ ಒಂದಷ್ಟು ಹಾಕ್ದೆ."

"ಅದ್ರಲ್ಲಿ ಬೆಲ್ಲ ಎಷ್ಟು ಹದವಾಗಿತ್ತು ಗೌರೀ!"

"ನಾನು ಚೂರೇ ಚೂರು," ಎಂದರು ಟೀಚರು, ನೆಲ ನೋಡುತ್ತ.

"ಸೌಟು ಹಿಡ್ಕೊಂಡು ನೀನು ನಕ್ಕಿದ್ದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ," ಎಂದರು ಅರಸರು, ಮದುಮಗನಂತೆ ನಾಚಿಕೊಂಡು.

ಗೌರಮ್ಮಣ್ಣಿ ತೋಳು ಬಿಡದೆಯೇ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ದಿಟ್ಟಿಸಿದರು. "ನಾನು ಅವತ್ತು ನಕ್ಕಿರ್ಲಿಲ್ಲ. ಇದನ್ನ ಯಾರು ಹಾಕಿದ್ದು?"

ನನಗೆ ಅದೇನೂ ನೆನಪಿಲ್ಲ. ಸ್ವಿಚ್ ಒತ್ತಿದ ಮೇಲೆ ಆ ವಿಷಯ ನನ್ನ ತಲೆಯಲ್ಲಿರುವುದು ವೈಜ್ಞಾನಿಕವಾಗಿ ಸಾಧ್ಯವೇ ಇಲ್ಲ ಎಂದು ಹೇಳಿ, ಬಚ್ಚಲಿಗೆ ಹೊರಟೆ.