ಟವೆಲ್ಲಿನ ಕೆಳಗೆ ಎಂಬತ್ತು ಸಾವಿರ

ಬೈಲಹೊಂಗಲದ ಟೇಲರ್ ನಿಜಗುಣಪ್ಪನಿಗೆ ಎಮ್ಮೆ ಕೊಳ್ಳುವ ಹುಚ್ಚು ಹತ್ತಿದ್ದೇ ತಡ, ಹೆಂಡತಿ ಸುಂದರವ್ವ ಹೊಲಿಗೆ ಮಷೀನಿನ ಮುಂದೆ ಬಂದು ನಿಂತಳು.

"ಎಂಟ ವರ್ಷ ಕೂಡಿಟ್ಟ ಎಂಬತ್ತ ಸಾವಿರ ಕೊಡತೇನಿ. ಸಂತ್ಯಾಗ ಟೋಪಿ ಹಾಕಿಸ್ಕೊಂಡ ಬಂದ್ರ ಮಾತ್ರ ಎಮ್ಮಿ ಜೋಡಿ ನೀವೂ ಕೊಟಗಿಯೊಳಗ ಮಲಗಬೇಕು, ನೋಡ್ರಿ!"

ಟೋಪಿ ಹಾಕಿಸಿಕೊಳ್ಳುವವನೇ ನಿಜಗುಣಪ್ಪ? ಒಂದು ತಿಂಗಳು ದನದ ಸಂತೆಗೆ ಬರಿಗೈಯಲ್ಲಿ ಹೋಗಿ ಕಲಿತ. ಹಲ್ಲು ಎಣಿಸಿದ, ಕೆಚ್ಚಲು ಮುಟ್ಟಿ ಒದೆ ತಿಂದ. ಅಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ಟವೆಲ್ ಮುಚ್ಚಿ ಕೈ ಹಿಡಿಯುತ್ತಾನೆ, ಬೆರಳು ಒತ್ತಿ ಮಾತಾಡಬೇಕು. ಅದನ್ನೂ ಮನೆಯಲ್ಲಿ ಸುಂದರವ್ವನ ಕೈ ಹಿಡಿದು ಅಭ್ಯಾಸ ಮಾಡಿದ. "ಮದವ್ಯಾಗೂ ಹಿಂಗ ಹಿಡದಿರಲಿಲ್ಲ ಬಿಡ್ರಿ," ಎಂದು ಅವಳು ನಾಚಿದಳು.

ಐದನೆಯ ಸಂತೆಯಲ್ಲಿ ಸುರುಳಿ ಕೊಂಬಿನ ಎಮ್ಮೆಯೊಂದು ಮನಸ್ಸಿಗೆ ಬಂತು. ತಾನೇ ಕೇಳಿದರೆ ಆಸೆ ಗೊತ್ತಾಗುತ್ತದೆಂದು ಸಂತೆಗೆ ಜೊತೆಗೆ ಬಂದಿದ್ದ ಪಕ್ಕದ ಮನೆಯ ಲಗಮಪ್ಪನ ಕಿವಿಯಲ್ಲಿ ಉಸುರಿದ: "ಕಾಕಾ, ಅದರ ಖರೇ ಬೆಲಿ ತಿಳಕೊಂಡ ಬರ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ." ಒಬ್ಬನ ಮಾತು ನಂಬುವುದುಂಟೇ? ಸಂತೆಯಲ್ಲೇ ಸಿಕ್ಕ ಎದುರುಮನೆಯ ಮಡಿವಾಳೆಪ್ಪನಿಗೂ ಬೇರೆಯಾಗಿ ಅದೇ ಗುಟ್ಟು ಹೇಳಿ ಅಟ್ಟಿದ.

ತಾಸಾದರೂ ಇಬ್ಬರೂ ತಿರುಗಿ ಬರಲಿಲ್ಲ. ತಡೆಯಲಾರದೆ ತಾನೇ ಹೋದ. ದಲಾಲಿ ಟವೆಲ್ ಮುಚ್ಚಿ ಕಿವಿಯಲ್ಲಿ ಪಿಸುಗುಟ್ಟಿದ.

"ಲಗೂ ಮಾಡ್ರಿ! ಇಬ್ಬರು ಗಿರಾಕಿ ಹಟಕ್ಕ ಬಿದ್ದಾರ. ಐವತ್ತಕ್ಕ ಚಾಲೂ ಆಗಿದ್ದು ಎಪ್ಪತ್ತಕ್ಕ ಬಂದ ನಿಂತೈತಿ."

ಇಬ್ಬರು ಹಟಕ್ಕೆ ಬಿದ್ದಿದ್ದಾರೆಂದರೆ ಮಾಲು ಚಿನ್ನವೇ! ತಿಂಗಳ ವಿದ್ಯೆಯೆಲ್ಲ ಬೆರಳಿಗೆ ಇಳಿದು ಬಂತು. ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ದಲಾಲಿ ಗಾಡಿಗಳ ಆಚೆ ಹೋಗಿ ಯಾರ್ಯಾರದೋ ಕೈ ಹಿಡಿದು ಬಂದ. ಕಡೆಗೆ ಎಂಬತ್ತಕ್ಕೆ ಎದುರಾಳಿಗಳಿಬ್ಬರೂ ಕೈಬಿಟ್ಟರು.

ಎಮ್ಮೆಗೆ ಭಂಡಾರ ಹಚ್ಚಿ, ತನ್ನ ಕೊರಳಿಗೆ ಹಾರ ಹಾಕಿಕೊಂಡು ಓಣಿಗೆ ಬಂದ. ಸುಂದರವ್ವ ಆರತಿ ಎತ್ತಿದಳು.

"ಐವತ್ತಕ್ಕ ಚಾಲೂ ಆಗಿತ್ತು. ಇಬ್ಬರು ಬೆರಕಿ ವ್ಯಾಪಾರಸ್ಥರನ್ನ ಸೋಲಿಸಿ ಎಂಬತ್ತಕ್ಕ ಹೊಡಕೊಂಡ ಬಂದೇನಿ!"

"ಭಲೇ ಟೇಲರ್ರ!" ಎಂದಿತು ಓಣಿ. ಇಪ್ಪತ್ತು ವರ್ಷ ಮಂದಿಯ ಎದೆ ಅಳೆದವನ ಎದೆ ಅಂದು ಎರಡು ಇಂಚು ಹಿಗ್ಗಿತ್ತು.

ಅಷ್ಟರಲ್ಲಿ ಲಗಮಪ್ಪ ಜೋಲುಮುಖ ಹಾಕಿಕೊಂಡು ಬಂದ. "ತಪ್ಪಾತಪ್ಪಾ ನಿಜಗುಣಾ. ನಿನಗಂತ ನಾನ ಹಿಡಕೊಂಡ ಬರೂಣಂತ ಎಪ್ಪತ್ತೇಳರ ತನಕ ಏರಿಸಿದ್ನಿ. ಯಾವನೋ ಹುಚ್ಚ ಎಪ್ಪತ್ತೆಂಟ ಅಂದ."

"ಆ ಹುಚ್ಚ ನಾನ!" ಎಂದು ಹಿಂದೆಯೇ ಬಂದ ಮಡಿವಾಳೆಪ್ಪ ಹಲ್ಲು ಕಡಿದ. "ನಾನೂ ಟೇಲರ್ರಿಗಂತನ ಕೇಳಿದ್ನಿ. ನನ್ನ ಮ್ಯಾಲೂ ಒಬ್ಬ ಮಂಗ್ಯಾ ಎಂಬತ್ತಂದ! ಆಂವ ಕೈಯಾಗ ಸಿಗಬೇಕು..." ಎನ್ನುತ್ತ ಅಂಗಳದ ಎಮ್ಮೆ ಕಂಡು ಬಾಯಿ ಮುಚ್ಚಿದ.

ಸುಂದರವ್ವ ಆರತಿ ತಟ್ಟೆ ಕೆಳಗಿಟ್ಟಳು. "ಅಂದ್ರ, ಇಡೀ ಸಂತ್ಯಾಗ ಐವತ್ತ ಸಾವಿರದ ಈ ಎಮ್ಮಿ ಕೇಳಿದವರು ನೀವು ಮೂರ ಮಂದೀನ ಏನ್ರಿ?"

ನಿಜಗುಣಪ್ಪ ಕೊರಳಿನ ಹಾರ ತೆಗೆದು ಮೆಲ್ಲಗೆ ಎಮ್ಮೆಗೆ ತಿನ್ನಿಸಿದ. ಇನ್ನು ಅದರ ಜೊತೆಗೇ ಮಲಗಬೇಕಲ್ಲ!