ಕೊಕ್ಕು ಮುಟ್ಟದ ಇಂಧನ

ಹಳೆಯ ಪಂಚೆಯ ಮುಸುಕನ್ನು ಸರ್ರನೆ ಎಳೆದು ಪದ್ಮನಾಭ ಐತಾಳರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಷೆಡ್ಡಿನಲ್ಲಿದ್ದ ಮೂವರಿಗೂ ಹೊಗಳಲು ಸಾಕಷ್ಟು ಸಮಯ ಕೊಟ್ಟರು.

"ಹೇಗುಂಟು ಭಾವ?" ಎಂದು ಕೊನೆಗೆ ತಾವೇ ಕೇಳಿದರು.

ಸೀತಾರಾಮ ಉರಾಳರು ಕನ್ನಡಕ ಏರಿಸಿ ನೋಡಿದರು. ನಾಲ್ಕು ಗಾಲಿಗಳ ಮೇಲೆ ಒಂದು ಕರಿಯ ಪೆಟ್ಟಿಗೆ. ಅದರ ನೆತ್ತಿಯಿಂದ ಹೊರಟ ಉಕ್ಕಿನ ಕೊಳವೆ ಮುಂದಕ್ಕೆ ಬಾಗಿ ಚೂಪಾಗಿತ್ತು. ಎರಡು ಪಕ್ಕಕ್ಕೂ ಪುಟ್ಟ ದೀಪಗಳು.

"ಕಾಗೆಯ ಹಾಗುಂಟು."

"ಕಾಗೆ ಅಲ್ಲ ಮಾರಾಯ್ರೆ, ಇಂಧನ ಪರೀಕ್ಷಕ. ಕಪ್ಪು ಬಣ್ಣ ಒಂದೇ ಇತ್ತು, ಅದನ್ನು ಹೊಡೆದೆ."

ಐತಾಳರು ಉರಾಳರ ಹೆಂಡತಿ ಭಾಗೀರಥಮ್ಮನ ತಮ್ಮ. ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟಿಂಗ್ ಕಲಿಸಿ ನಿವೃತ್ತರಾದ ಮೇಲೆ ಯಂತ್ರಗಳನ್ನು ಕಂಡುಹಿಡಿಯಲು ಹೊರಟವರು. ಹಪ್ಪಳ ಒಣಗಿಸಲು ಅವರು ಮಾಡಿದ ಯಂತ್ರ ಬ್ರಹ್ಮಾವರದ ಅರ್ಧ ಊರಿಗೆ ಹಪ್ಪಳ ಹಾರಿಸಿದ್ದನ್ನು ಜನ ಇನ್ನೂ ಮರೆತಿರಲಿಲ್ಲ. ಆದರೆ ಈ ಯಂತ್ರವನ್ನು ಅವರು ಚಟಕ್ಕೆ ಮಾಡಿದ್ದಲ್ಲ. ಉರಾಳರೇ ಬಾಯಿಬಿಟ್ಟು ಕೇಳಿದ್ದರು.

ಷೆಡ್ಡಿನ ನಡುವೆ ನಿಂತಿದ್ದ ಕಾರು ಉರಾಳರ ಮಗ ಸುಧನ್ವನದು. ಗುಜರಿಯಿಂದ ತಂದ ಹಳೆಯ ಕಾರಿಗೆ ಅವನು ಹೊಸ ಎಂಜಿನ್ ಕೂರಿಸಿ, ಅದರ ಬಾಯಿಗೆ ಗಾಳಿಯನ್ನು ಒತ್ತಿ ಒತ್ತಿ ತುರುಕುವ ಸೂಪರ್‌ಚಾರ್ಜರ್ ಜೋಡಿಸಿದ್ದ. ಆರುನೂರು ಕುದುರೆಗಳ ಶಕ್ತಿ ಎಂದು ಹೇಳಿಕೊಳ್ಳುತ್ತಿದ್ದ. ಒಂದು ದಿನವೂ ಸ್ಟಾರ್ಟ್ ಮಾಡಲಿಲ್ಲ. ಐದು ವರ್ಷ ಬೇರೆಯವರ ಕಾರುಗಳನ್ನು ರೇಸಿನಲ್ಲಿ ಓಡಿಸಿ ಮೈಮೇಲೆ ಒಂದು ಗೀರು ಮಾಡಿಕೊಳ್ಳದವನು ಸೊಳ್ಳೆ ಕಚ್ಚಿದ ಜ್ವರಕ್ಕೆ ಆರೇ ದಿನದಲ್ಲಿ ಹೋದ. ಅಂದಿನಿಂದ ಉರಾಳರು ಪೂಜೆಯಲ್ಲಿ ದೇವರ ಪಾದವನ್ನಷ್ಟೇ ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ.

ಇಂದು ಅವನ ವರ್ಷಾಂತಿಕ. ಊಟಕ್ಕೆ ಮೊದಲು ಆ ಎಂಜಿನ್ ಒಮ್ಮೆ ಕೂಗಬೇಕು, ತಾನು ಕೇಳಬೇಕು ಎಂಬುದು ಉರಾಳರ ಸಂಕಲ್ಪ. ತೊಡಕಿದ್ದದ್ದು ಇಂಧನದ್ದು. ಅಷ್ಟು ಗಾಳಿ ಒತ್ತಿದ ಎಂಜಿನ್ನಿಗೆ ಬಂಕಿನ ಪೆಟ್ರೋಲ್ ಹಾಕಿದರೆ ಅದು ಕಿಡಿಗೆ ಕಾಯದೆ ತಾನೇ ಸಿಡಿದು ಪಿಸ್ಟನ್ ತೂತಾಗುತ್ತದೆ. ಯಾವ ಇಂಧನಕ್ಕೆಂದು ಕಟ್ಟಿದ್ದನೋ ಅದನ್ನೇ ಹಾಕಬೇಕು. ಸುಧನ್ವನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಇಂಧನದ ಪುಟದಲ್ಲಿ ಮಾತ್ರ ಒಂದು ಪ್ರಶ್ನೆಯ ಗುರುತು.

ಆ ಪ್ರಶ್ನೆಯನ್ನು ಅವನು ತಂದೆಯ ಹತ್ತಿರ ಕೇಳಿದ್ದ. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ರಸಾಯನಶಾಸ್ತ್ರ ಕಲಿಸಿದ ತಂದೆ. "ಅಪ್ಪ, ಎಥನಾಲ್ ಹಾಕ್ಲಾ, ಮೆಥನಾಲ್ ಹಾಕ್ಲಾ?" ಉರಾಳರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ್ದರು: "ಮೊದಲು ತಲೆಗೆ ಬುದ್ಧಿ ಹಾಕು."

ಮುಂದಿನ ವಾರ ಜ್ವರ ಬಂತು.

"ಅವನ ನೋಟ್‌ಬುಕ್ಕು, ಕಾರಿನ ಕಂಪ್ಯೂಟರಿನಲ್ಲಿದ್ದದ್ದು, ಫೋನಿನಲ್ಲಿ ಐದು ವರ್ಷ ಮಾತಾಡಿ ಕಳಿಸಿದ್ದು, ಎಲ್ಲ ಇದರ ಹೊಟ್ಟೆಗೆ ತುಂಬಿಸಿದ್ದೇನೆ," ಎಂದರು ಐತಾಳರು. "ಅವನ ಮನಸ್ಸು ಇದಕ್ಕೆ ಗೊತ್ತು. ರುಚಿ ನೋಡ್ತದೆ. ಬೇಡವಾದರೆ ಕೆಂಪು ದೀಪ, ಬೇಕಾದರೆ ಹಸಿರು. ಹಸಿರು ಬಿತ್ತು ಅಂದ್ರೆ ನಾವು ಕೈ ಕಟ್ಟಿ ನಿಂತ್ರಾಯ್ತು. ವಾಸನೆ ಹಿಡಿದು ಹೋಗಿ, ಹೀರಿ, ಟ್ಯಾಂಕಿ ತುಂಬಿಸಿ, ಗಾಡಿಯನ್ನೂ ಅದೇ ಸ್ಟಾರ್ಟ್ ಮಾಡ್ತದೆ."

"ನಿಲ್ಲಿಸೂದು ಹೇಗೆ?" ಎಂದರು ಭಾಗೀರಥಮ್ಮ. ತಮ್ಮನ ಯಂತ್ರಗಳ ವಿಷಯದಲ್ಲಿ ಆಕೆ ಮೊದಲು ಕೇಳುತ್ತಿದ್ದದ್ದು ಅದನ್ನೇ.

"ಬೆನ್ನಲ್ಲಿ ಗುಂಡಿ ಉಂಟು ಅಕ್ಕ."

ಬೆಂಚಿನ ಮೇಲೆ ನಾಲ್ಕು ಸ್ಟೀಲ್ ಲೋಟಗಳು ಸಾಲಾಗಿ ನಿಂತವು.

"ಅಡಿಗೆಮನೆಯ ಲೋಟ ಅಲ್ವನಾ ಅದು? ನಾಳೆ ಅದರಲ್ಲಿ ಕುಡಿಯೂದು ಯಾರು?"

"ವಿಜ್ಞಾನಕ್ಕೆ ನಾಲ್ಕು ಲೋಟ ಕೊಡ್ಲಿಕ್ಕಾಗೂದಿಲ್ವಾ ನಿಂಗೆ?"

ಮೊದಲನೆಯದು ವಿಮಾನಕ್ಕೆ ಹಾಕುವ ಪೆಟ್ರೋಲ್. ಕೊಕ್ಕು ಬಾಗಿತು, ಅದ್ದಿತು, ಎದ್ದಿತು, ಎಡಕ್ಕೂ ಬಲಕ್ಕೂ ಆಡಿತು. ಕೆಂಪು ದೀಪ. ಎರಡನೆಯದು ಕೊಯಮತ್ತೂರಿನಿಂದ ತರಿಸಿದ ರೇಸಿನ ಪೆಟ್ರೋಲ್. ಅದನ್ನು ಯಂತ್ರ ಹೀರಿಕೊಂಡಿತು. ಐತಾಳರು ಮೀಸೆ ತಿರುವುವಷ್ಟರಲ್ಲಿ ಪಿಚಕ್ಕನೆ ಉಗಿಯಿತು. ವರ್ಷಾಂತಿಕ ಮಾಡಿಸಲು ಬಂದಿದ್ದ ಪುರೋಹಿತ ಉಪಾಧ್ಯರು ಕೊಡೆ ಬಿಡಿಸಿ ಮೈ ಉಳಿಸಿಕೊಂಡರು. ಮೂರನೆಯದು ಮೆಥನಾಲ್. ಅದನ್ನು ಮೂಸಿ ನೋಡಿ ಲೋಟವನ್ನೇ ಕುಟ್ಟಿ ಕೆಡವಿತು. ಐತಾಳರ ಪಂಚೆ ಮೊಣಕಾಲಿನ ತನಕ ಒದ್ದೆಯಾಯಿತು. ನಾಲ್ಕನೆಯದು ಸಕ್ಕರೆ ಕಾರ್ಖಾನೆಯ ಎಥನಾಲ್. ಕೊಕ್ಕು ಅದರ ಮೇಲೆ ಬಹಳ ಹೊತ್ತು ತೂಗಿತು. ಕೆಂಪು ದೀಪ.

"ಇದು ಮುಟ್ಟೂದಿಲ್ಲ," ಎಂದರು ಉಪಾಧ್ಯರು. ಎಷ್ಟೋ ಅಂಗಳಗಳಲ್ಲಿ ಪಿಂಡ ಇಟ್ಟು ಆಕಾಶ ನೋಡಿ ನಿಂತವರು ಅವರು. "ಏನೋ ಆಸೆ ಉಳಿದಿದೆ. ಕೈಮುಗಿದು ಹೇಳಿಕೊಳ್ಳಿ."

"ಉಪಾಧ್ಯರೇ, ಇದು ವಿಜ್ಞಾನ," ಎಂದು ಐತಾಳರು ಸಿಡುಕಿದರು.

"ಇರಲಿ ಮಾರಾಯ. ನೀನು ಅವನ ಮನಸ್ಸು ಹಾಕಿದ್ದೇನೆ ಅಂದೆಯಲ್ಲ, ಆಸೆಯನ್ನು ಹೊರಗಿಟ್ಟು ಹಾಕಿದೆಯಾ?"

ಐತಾಳರು ಯಾರಿಗೂ ಕೇಳಬಾರದೆಂಬಂತೆ ಯಂತ್ರದ ಹತ್ತಿರ ಬಾಗಿ, "ನಿನ್ನ ವೆಲ್ಡಿಂಗ್ ಸೆಟ್ಟು ನನ್ನ ಹತ್ರವೇ ಉಂಟು, ಕೊಡ್ತೇನೆ ಮಾರಾಯ," ಎಂದರು. ಕೆಂಪು ದೀಪ. ಅವಮಾನವಾದಂತಾಗಿ ಪಂಚೆ ತೊಳೆಯಲು ಬಾವಿಕಟ್ಟೆಗೆ ಹೋದರು.

ಉರಾಳರ ಎದೆಯಲ್ಲಿ ಬೇರೆಯೇ ಏನೋ ನಡೆಯುತ್ತಿತ್ತು. ಕಳೆದ ವರ್ಷ ಹತ್ತನೆಯ ದಿನ ಕೈತೊಳೆಯುವಷ್ಟರಲ್ಲಿ ಕಾಗೆ ಬಂದು ಪಿಂಡ ಮುಟ್ಟಿತ್ತು. ಪುಣ್ಯವಂತ, ಏನೂ ಆಸೆ ಉಳಿಸಿಕೊಂಡಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟಿದ್ದರು. ಉರಾಳರಿಗೆ ಮಾತ್ರ ಅದು ಮುಳ್ಳಾಗಿ ಉಳಿದಿತ್ತು. ಅಪ್ಪನಿಂದ ಏನೂ ಬೇಡವೆಂದು ಹೊರಟುಹೋದನಲ್ಲ! ಈಗ ಈ ತಗಡಿನ ಪೆಟ್ಟಿಗೆ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರೆ ಅವರಿಗೆ ಒಂದು ವರ್ಷದಲ್ಲಿ ಮೊದಲ ಸಲ ಹಗುರವೆನಿಸಿತು. ಬೇಕಾದದ್ದು ಏನೋ ಇದೆ.

ಅವರು ಉತ್ತರೀಯವನ್ನು ಸೊಂಟಕ್ಕೆ ಬಿಗಿದು ಯಂತ್ರದ ಮುಂದೆ ನಿಂತರು. ಕ್ಲಾಸಿನಲ್ಲಿ ಮಾತಾಡುವ ಹಾಗೆ ಗಂಟಲು ಸರಿಮಾಡಿಕೊಂಡರು.

"ನೀನು ಕೇಳಿದ್ದು ಒಳ್ಳೆ ಪ್ರಶ್ನೆ ಮಗಾ. ಗಾಳಿಯನ್ನು ಒತ್ತಿದರೆ ಬಿಸಿಯಾಗ್ತದೆ. ಬಿಸಿಯಾದ ಗಾಳಿ ಇಂಧನವನ್ನು ಹೊತ್ತಿಗೆ ಮೊದಲೇ ಹೊತ್ತಿಸ್ತದೆ. ಎಥನಾಲ್ ಆವಿಯಾಗುವಾಗ ಗಾಳಿಯ ಬಿಸಿಯನ್ನು ತಾನು ಎಳೆದುಕೊಳ್ತದೆ, ಎಂಜಿನ್ ತಣ್ಣಗಿರ್ತದೆ. ಮೆಥನಾಲ್ ಇನ್ನೂ ತಂಪು. ಆದರೆ ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣೂದಿಲ್ಲ. ನೀನು ಉರೀತಾ ಇದ್ರೂ ಹತ್ತಿರ ನಿಂತವನಿಗೆ ಗೊತ್ತಾಗೂದಿಲ್ಲ. ಅದು ಬೇಡ. ಎಥನಾಲ್ ಹಾಕು." ಸ್ವಲ್ಪ ತಡೆದರು. "ಅಷ್ಟೇ. ಎರಡು ನಿಮಿಷದ ಉತ್ತರ."

ಕೊಕ್ಕು ನಿಧಾನವಾಗಿ ಬಾಗಿತು. ಎಥನಾಲಿನ ಲೋಟದ ಹತ್ತಿರ ಬಂತು. ಅದನ್ನು ದಾಟಿತು. ಬೆಂಚಿನ ತುದಿಯಲ್ಲಿ ಉಪಾಧ್ಯರಿಗೆಂದು ಭಾಗೀರಥಮ್ಮ ತಂದಿಟ್ಟಿದ್ದ ಲೋಟಕ್ಕೆ ಮೂತಿ ಇಟ್ಟು ಸೊರ್ರನೆ ಹೀರಿತು.

ಹಸಿರು ದೀಪ.

"ಅಯ್ಯೋ, ಅದು ಪುನರ್ಪುಳಿ ಪಾನಕ," ಎಂದರು ಭಾಗೀರಥಮ್ಮ.

ಯಂತ್ರ ಗಾಲಿ ತಿರುಗಿಸಿತು. ಟ್ಯಾಂಕಿಗೆ ಜೋಡಿಸಿದ ರಬ್ಬರ್ ಪೈಪನ್ನು ಬಾಲದಂತೆ ಎಳೆದುಕೊಂಡು ಉಪಾಧ್ಯರ ಕಾಲಿನ ಸಂದಿಯಿಂದ ನುಗ್ಗಿ ಹಿತ್ತಲ ಜಗಲಿಗೆ ಓಡಿತು. ಅಲ್ಲಿ ನಲವತ್ತು ಜನ ನೆಂಟರಿಗೆಂದು ಕದಡಿಟ್ಟ ಆ ಕೆಂಪು ಹುಳಿಹಣ್ಣಿನ ಪಾನಕದ ದೊಡ್ಡ ಪಾತ್ರೆ ಇತ್ತು. ಕೊಕ್ಕು ಕಂಠದ ತನಕ ಮುಳುಗಿತು. ಕಾರಿನ ಟ್ಯಾಂಕಿ ಗುಳುಗುಳು ಎನ್ನತೊಡಗಿತು.

ಬಾವಿಕಟ್ಟೆಯಿಂದ ಐತಾಳರು ಒದ್ದೆ ಪಂಚೆಯಲ್ಲೇ ಕೂಗಿದರು: "ಭಾವ, ಗುಂಡಿ! ಬೆನ್ನಿನ ಗುಂಡಿ ಒತ್ತಿ! ಎಂಜಿನ್ ಹೋಗ್ತದೆ!"

ಉರಾಳರು ಹಿಂದೆಯೇ ಹೋಗಿ ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಗುಂಡಿ ಕೈಗೆ ಗೇಣು ದೂರದಲ್ಲಿತ್ತು. ನೀರನ್ನು ಒತ್ತಿದರೆ ಕುಗ್ಗುವುದಿಲ್ಲ, ಒತ್ತಿದ್ದೇ ಮುರಿಯುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಎಂಜಿನ್ನಿನ ಕೂಗು ಇನ್ನು ಈ ಜನ್ಮದಲ್ಲಿ ಕೇಳಲಿಕ್ಕಿಲ್ಲ. ಅವರ ಕೈ ಮುಂದೆ ಹೋಯಿತು, ಯಂತ್ರದ ಕರಿಯ ಬೆನ್ನನ್ನು ಮುಟ್ಟಿತು, ಅಲ್ಲೇ ಸವರುತ್ತ ನಿಂತಿತು.

"ಕುಡೀಲಿ ಬಿಡು," ಎಂದರು.

ಪಾತ್ರೆ ಬರಿದಾಯಿತು. ಷೆಡ್ಡಿನಲ್ಲಿ ಸ್ಟಾರ್ಟರ್ ಮೂರು ಸುತ್ತು ನರಳಿತು. ಒಳಗೆಲ್ಲೋ ದಪ್ಪ ಕಬ್ಬಿಣ ಟಕ್ಕೆಂದಿತು. ಹೊಗೆಯ ಕೊಳವೆಯಿಂದ ಕೆಂಪು ನೀರು ಹನಿಹನಿಯಾಗಿ ನೆಲಕ್ಕೆ ಬಿತ್ತು. ಅಷ್ಟೇ.

ಐತಾಳರು ನೋಟ್‌ಬುಕ್ಕು ಹಿಡಿದು ನೆಲದಲ್ಲಿ ಕುಳಿತುಬಿಟ್ಟರು. "ತಪ್ಪು ನನ್ನದೇ. ಎಂಜಿನ್ನಿನ ರುಚಿ ಕಲಿಸಬೇಕಿತ್ತು, ಹುಡುಗನ ರುಚಿ ಕಲಿಸಿದ್ದೇನೆ. ಫೋನಿನಲ್ಲಿ ಎಂಜಿನ್ನಿನ ವಿಷಯಕ್ಕಿಂತ ಪಾನಕದ ವಿಷಯವೇ ಹೆಚ್ಚಿತ್ತು ಭಾವ."

"ಇರದೆ ಎಂತ," ಎಂದರು ಭಾಗೀರಥಮ್ಮ ಬರಿದಾದ ಪಾತ್ರೆಯನ್ನು ಬೋರಲು ಹಾಕುತ್ತ. "ಅಪ್ಪನ ಕೈಯಲ್ಲಿ ಒಂದು ಲೋಟ ಷೆಡ್ಡಿಗೆ ಕಳ್ಸು ಅಮ್ಮ, ಅಂತ ಷೆಡ್ಡಿನಿಂದ ದಿನಾ ಫೋನಿನಲ್ಲಿ ಹೇಳ್ತಿದ್ದ. ಇವರ ಕಾಲು ಒಂದು ದಿನ ಆಚೆ ಹೋಗ್ಲಿಲ್ಲ."

ಉರಾಳರು ಕೈಕಾಲು ತೊಳೆದು ನೀರಿನ ತಂಬಿಗೆ ಹಿಡಿದು ಚಾವಡಿಗೆ ನಡೆದರು. ಎಲೆ ಹಾಕಿ ಆಗಿತ್ತು. ಬಿಸಿಲಲ್ಲಿ ದೂರದಿಂದ ಬಂದ ನೆಂಟರೊಬ್ಬರು ಲೋಟ ಎತ್ತಿ ನೋಡಿ, "ಎಂತ ಉರಾಳರೇ, ಬರೀ ನೀರಾ? ಪಾನಕ ಇಲ್ವಾ?" ಎಂದರು.

"ಮಾಡಿದ್ದೆವು," ಎಂದು ಉರಾಳರು ಅವರ ಲೋಟಕ್ಕೆ ನೀರು ಬಗ್ಗಿಸಿದರು. "ಮಗ ಕುಡಿದ."